ಹಿಮ್ಮಡಿ ಕೇಳದ ಕುದುರೆ

ಜಾಕಿರ್ ಕುದುರೆಯ ಪಕ್ಕೆಗೆ ಒದೆಯುವ ಸದ್ದು ಮಿಲ್ಲಿನ ಗೋಡೆಯಾಚೆ ಓಣಿಗೂ ಕೇಳುತ್ತಿತ್ತು. ಇಷ್ಟು ಒದ್ದರೆ ಕುದುರೆ ಊರು ಬಿಟ್ಟೇ ಓಡಿರಬೇಕು ಎಂದುಕೊಂಡು ಖಾತೂನ್ ಬೀ ಗೇಟು ದಾಟಿ ಒಳಗೆ ಬಂದಳು. ಬಿಜಲಿ ನಿಂತಲ್ಲೇ ನಿಂತಿತ್ತು. ಬಿಳಿ ಹೆಣ್ಣು ಕುದುರೆ. ಕಿವಿ ಇಳಿಬಿಟ್ಟು, ಒಂದು ಹಿಂಗಾಲು ಸಡಿಲಿಸಿ, ಬಸ್ಸು ಕಾಯುವವರ ಹಾಗೆ ನಿಂತಿತ್ತು. ಮೇಲೆ ಕೂತ ಮಗನ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಅವನ ಕೈಯಲ್ಲಿ ಸ್ಕೂಟರಿನ ಹಳೇ ಕ್ಲಚ್ ವೈರು. ಅವಳು ನೋಡುತ್ತಿದ್ದಂತೆಯೇ ಅದು ಸುಯ್ಯೆಂದು ಕುದುರೆಯ ತೊಡೆಯ ಮೇಲೆ ಬಿತ್ತು.

ಕುದುರೆಯ ಚರ್ಮ ಅದುರಿತು. ಕಾಲು ಅಲುಗಲಿಲ್ಲ.

"ಕೊಡು ಇಲ್ಲಿ ಅದನ್ನ."

"ಅಮ್ಮಿ, ನೀನ್ಯಾಕೆ ಬಂದೆ ಇಲ್ಲಿಗೆ?"

"ಕೊಡು ಅಂದೆ!"

ಮನೆಯಲ್ಲಿ ಅವರದು ಉರ್ದು. ಮನೆಯವರ ಮೇಲೆ ಸಿಟ್ಟು ಬಂದಾಗ ಮಾತ್ರ ಖಾತೂನ್ ಬೀಯ ಬಾಯಿಗೆ ಕನ್ನಡ ಬರುತ್ತಿತ್ತು. ಅವಳ ಅಪ್ಪ ಚಳ್ಳಕೆರೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದವನು. ಬೈಗುಳವನ್ನೆಲ್ಲ ಅವಳು ಅವನ ಪಕ್ಕದಲ್ಲಿ ಕೂತು ಪೇಟೆಯಿಂದ ಕಲಿತಿದ್ದಳು. ವೈರನ್ನು ಕಿತ್ತುಕೊಂಡು ಗೋಡೆಯಾಚೆ ಎಸೆದಳು. ಕುದುರೆಯ ತೊಡೆಯ ಮೇಲೆ ಬೆರಳುದ್ದದ ಗಾಯ ಕೆಂಪಗೆ ಬಿರಿದಿತ್ತು.

"ಕಬ್ಬಿಣ ಅಂದ್ಕಂಡ್ಯಾ ಇದನ್ನ? ನಿನ್ನ ಗ್ಯಾರೇಜಿನ ಗುಜರಿ ಅಂದ್ಕಂಡ್ಯಾ?"

"ಗುಜರೀನೇ ವಾಸಿ. ಗುಜರಿ ಗಾಡಿನ ತಳ್ಳಿದ್ರಾದ್ರೂ ಮುಂದೆ ಹೋಗುತ್ತೆ. ಬಿಜಲಿ ಅಂತೆ ಹೆಸರು! ಕರೆಂಟೇ ಇಲ್ಲ ಇದಕ್ಕೆ. ಸೋಮಾರಿ ಮುಂಡೇದು."

ಜಾಕಿರ್ ಕೆಳಗಿಳಿದು ಲಗಾಮು ಬಿಸಾಡಿ ಹೊರಟುಹೋದ. ಖಾತೂನ್ ಬೀ ಕುದುರೆಯ ಕುತ್ತಿಗೆ ಸವರಿದಳು. ಅದು ತಲೆಯನ್ನು ಎಡಕ್ಕೆ ತಿರುಗಿಸಿ ತುಟಿ ಚಪ್ಪರಿಸಿತು. ಬಾಯಾರಿರಬೇಕು ಎಂದುಕೊಂಡಳು ಅವಳು.

ಮುಚ್ಚಿಹೋದ ಎಣ್ಣೆ ಮಿಲ್ಲಿನ ಹಿಂದಿನ ಈ ಕಣ ಒಂದು ಕಾಲದಲ್ಲಿ ಶೇಂಗಾ ಒಣಗಿಸುತ್ತಿದ್ದ ಜಾಗ. ಇಷ್ಟು ಸಮನಾದ ನೆಲ ಆ ಓಣಿಯ ಸುತ್ತಮುತ್ತ ಇರಲಿಲ್ಲ. ಕಾವಲುಗಾರ ಪಾಲಣ್ಣ ಅವರಿಗೆ ಗೇಟು ತೆಗೆದುಕೊಡುತ್ತಿದ್ದ. ಅಷ್ಟೇ ಅಲ್ಲ, ಯಾರೂ ಹೇಳದಿದ್ದರೂ ದಿನಾ ಬೆಳಿಗ್ಗೆ ಕಣದಲ್ಲಿ ಬಿದ್ದ ಬಾಟಲಿ ಚೂರುಗಳನ್ನು ಗುಡಿಸಿ ಮೂಲೆಗೆ ಹಾಕಿರುತ್ತಿದ್ದ. ಕುದುರೆಯ ಗೊರಸಿಗೆ ತಾಗಬಾರದೆಂದು.

ಬಿಜಲಿ ಮದುವೆಯ ಕುದುರೆ. ಖಾತೂನ್ ಬೀಯ ಗಂಡ ಬಾಬಾ ಜಾನ್ ಅದನ್ನು ಮರಿಯಿದ್ದಾಗ ತಂದು ಪಳಗಿಸಿದ್ದ. ಸುತ್ತಲಿನ ಸಾಬರ ನಿಕಾಹ್‌ಗಳು, ಹಿಂದೂಗಳ ಮೆರವಣಿಗೆಗಳು, ಎಲ್ಲದಕ್ಕೂ ಅದೇ ಕುದುರೆ, ಅದೇ ಜರಿಯ ಹೊದಿಕೆ. ಈಗ ಮದುಮಕ್ಕಳಿಗೆಲ್ಲ ಹೂ ಸುತ್ತಿದ ಮಾರುತಿ ಕಾರು ಬೇಕು. ಬಾಬಾ ಜಾನ್ ನೀರಿನ ತೊಟ್ಟಿಯ ಹತ್ತಿರ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ, ಕುದುರೆಯನ್ನು ಕೊಟ್ಟುಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಕೇಳಿ ಬಂದವರು ಇಬ್ಬರು. ಒಬ್ಬರು ಚಿತ್ರದುರ್ಗದ ದಾರಿಯಲ್ಲಿ ಹಾಸ್ಟೆಲ್ ಶಾಲೆ ನಡೆಸುವ ಏಕಾಂತಪ್ಪ. ಅಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಿದ್ದರು. "ಸಾಧು ಕುದುರೆ ಬೇಕು. ಆದ್ರೆ ಯಾರೂ ತಲೆ ಹಿಡೀದೆ ನಡೀಬೇಕು, ಹಗುರಕ್ಕೆ ಓಡ್ಬೇಕು. ಹಬ್ಬ ಕಳೆದ ಮೇಲಿನ ಭಾನುವಾರ ಬಂದು ನೋಡ್ತೀನಿ" ಎಂದು ಹೇಳಿ ಹೋಗಿದ್ದರು. ಇನ್ನೊಬ್ಬ ಬಳ್ಳಾರಿ ಕಡೆಯ ಇಟ್ಟಿಗೆ ಭಟ್ಟಿಯ ಮರುಳಪ್ಪ. ಅವನಿಗೆ ಯಾವ ಷರತ್ತೂ ಇರಲಿಲ್ಲ. ಹುಟ್ಟು ಸೋಮಾರಿ ಅದು ಎಂದು ಬಾಬಾ ಜಾನ್ ಹೇಳಿದಾಗ, "ಓಡದಿದ್ರೂ ಪರವಾಗಿಲ್ಲ, ಇಟ್ಟಿಗೆ ಎಳೆದ್ರೆ ಸಾಕು. ಎಳೆಸೋದು ನಮಗೆ ಗೊತ್ತು" ಎಂದು ನಕ್ಕಿದ್ದ.

ಭಟ್ಟಿಯ ಕುದುರೆಗಳನ್ನು ಖಾತೂನ್ ಬೀ ನೋಡಿದ್ದಳು. ಭುಜದ ಮೇಲೆ ನೊಗ ತಿಂದ ಹುಣ್ಣು, ಹುಣ್ಣಿನ ಮೇಲೆ ಇಟ್ಟಿಗೆ ಪುಡಿ. ಏಕಾಂತಪ್ಪನವರ ಮುಂದೆ ಬಿಜಲಿ ನಡೆಯದಿದ್ದರೆ ಅದಕ್ಕೂ ಅದೇ ಗತಿ.

ಆ ವಾರವೇ ಮೊಳಕಾಲ್ಮೂರಿನಲ್ಲಿ ಒಂದು ಮದುವೆ ಇತ್ತು. ಬಹಳ ಹಿಂದೆಯೇ ಒಪ್ಪಿಕೊಂಡದ್ದು. ಬಾಬಾ ಜಾನ್‌ಗೆ ನಡೆಯಲಾಗದ ಕಾರಣ ಕುದುರೆಯ ತಲೆ ಹಿಡಿಯಲು ಖಾತೂನ್ ಬೀಯೇ ಹೊರಟಳು. ಹೊರಡುವಾಗ ಅವನು ಬೆಲ್ಲದ ಚೂರುಗಳ ಚಿಕ್ಕ ಚೀಲವನ್ನು ಅವಳ ಕೈಗಿತ್ತ.

"ಎಡಗಡೆ ನಿಂತ್ಕೋ. ಮದುಮಗ ಹೆದರಿ ಕಾಲು ಬಡೀತಾನೆ. ಬಡಿದಾಗೆಲ್ಲ ಕುದುರೆ ನಿಲ್ತದೆ. ನಿಂತಾಗ ಒಂದು ಚೂರು ಬಾಯಿಗಿಡು. ಮರೀಬೇಡ."

ಮದುವೆ ಮನೆ ನೇಕಾರ ಪಾಪಣ್ಣನದು. ಮಗ ಚೌಡೇಶನ ಮದುವೆಗೆಂದು ಮಗ್ಗಗಳಿಗೆಲ್ಲ ಬಟ್ಟೆ ಹೊದಿಸಿ ಬಿಡುವು ಕೊಟ್ಟಿದ್ದರು. ಟೆಂಪೋದಿಂದ ಕುದುರೆ ಇಳಿದ ಕೂಡಲೇ ಪಾಪಣ್ಣನ ಅಕ್ಕ ತಿಪ್ಪಕ್ಕ, ಬೀಗರಿಗೆಂದು ತುಂಬಿಟ್ಟ ಹಿತ್ತಾಳೆ ಕೊಳಗವನ್ನು ಎತ್ತಿ ತಂದು ಅದರ ಮುಂದಿಟ್ಟಳು.

"ಬೀಗರಿಗೆ ನೀರು, ಅಕ್ಕಾ!" ಎಂದು ಒಳಗಿನಿಂದ ಯಾರೋ ಕೂಗಿದರು.

"ಬೀಗರು ಬಸ್ಸಲ್ಲಿ ಕೂತು ಬಂದೌರೆ. ಇದು ನಿಂತ್ಕಂಡು ಬಂದೈತೆ" ಎಂದಳು ತಿಪ್ಪಕ್ಕ.

ಜರಿಯ ಹೊದಿಕೆ ಹಾಸುವಾಗ ಅವಳ ಕಣ್ಣು ತೊಡೆಯ ಗಾಯದ ಮೇಲೆ ಬಿತ್ತು. ಒಳಗೆ ಹೋಗಿ ಅರಿಶಿನ ಕಲಸಿದ ಎಣ್ಣೆಯನ್ನೂ, ಮಗ್ಗದಲ್ಲಿ ಉಳಿದ ಹಸಿರು ರೇಷ್ಮೆಯ ತುಂಡನ್ನೂ ತಂದಳು. ಎಣ್ಣೆ ಹಚ್ಚಿ, ಜರಿ ಉಜ್ಜದ ಹಾಗೆ ಮೆತ್ತನೆಯ ರೇಷ್ಮೆಯನ್ನು ಹೊದಿಕೆಯ ಕೆಳಗಿಟ್ಟು ನಾಲ್ಕು ಹೊಲಿಗೆ ಹಾಕಿದಳು. ಖಾತೂನ್ ಬೀಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ವಾಸಿಯಿತ್ತು.

ಸಂಜೆ ಮೆರವಣಿಗೆ ಹೊರಟಿತು. ಓಣಿಯ ತಿರುವಿನಲ್ಲಿ ಯಾರೋ ಪಟಾಕಿ ಸರಕ್ಕೆ ಬೆಂಕಿಯಿಟ್ಟರು. ಚೌಡೇಶ ಬೆಚ್ಚಿಬಿದ್ದು ಎರಡೂ ಹಿಮ್ಮಡಿಯಿಂದ ಕುದುರೆಯ ಪಕ್ಕೆಗೆ ದಬದಬ ಬಡಿದ. ಬಿಜಲಿ ಬಂಡೆಯ ಹಾಗೆ ನಿಂತಿತು. ಕಾಲಡಿಯಲ್ಲೇ ಚಿಕ್ಕ ಮಕ್ಕಳು ಕುಣಿಯುತ್ತಿದ್ದರು. ಅದು ಒಂದು ಗೊರಸನ್ನೂ ಎತ್ತಲಿಲ್ಲ. ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ತುಟಿ ಚಪ್ಪರಿಸಿತು. ಖಾತೂನ್ ಬೀ ಗಂಡ ಹೇಳಿದಂತೆ ಬೆಲ್ಲದ ಚೂರು ಕೊಟ್ಟಳು.

ಕೊಟ್ಟ ಕೈ ಅಲ್ಲೇ ನಿಂತಿತು.

ಮಿಲ್ಲಿನ ಕಣದಲ್ಲೂ ಇದು ಹೀಗೇ ಎಡಕ್ಕೆ ತಿರುಗಿತ್ತು. ಬಾಯಾರಿಕೆಯಲ್ಲ ಅದು. ಒದೆ ಬಿದ್ದಾಗಲೆಲ್ಲ ನಿಂತು, ಬೆಲ್ಲಕ್ಕೆ ಕಾದಿತ್ತು. ಕ್ಲಚ್ ವೈರು ಬಿದ್ದಾಗಲೂ, ತಾನು ಇನ್ನೂ ಸರಿಯಾಗಿ ನಿಂತಿಲ್ಲವೇನೋ ಎಂದು ಇನ್ನಷ್ಟು ಗಟ್ಟಿಯಾಗಿ ನಿಂತಿತ್ತು.

"ಎಂಥ ಮಂಚಿ ಗುರ್ರಮಮ್ಮಾ, ಎಂಥ ಒಳ್ಳೆ ಕುದುರೆ ನಿಮ್ದು!" ಪಾಪಣ್ಣ ಕೈ ಮುಗಿದ. "ಬೇರೆ ಕುದುರೆಯಾಗಿದ್ರೆ ಇಷ್ಟೊತ್ತಿಗೆ ಮಕ್ಕಳನ್ನ ತುಳಿದು ಹಾಕ್ತಿತ್ತು."

ಖಾತೂನ್ ಬೀ ತಲೆಯಾಡಿಸಿದಳು.

ಮರುದಿನ ಟೆಂಪೋ ಇಳಿದವಳು ಚಪ್ಪಲಿ ಬಿಡದೆ ಗಂಡನ ಮಂಚದ ಮುಂದೆ ಬಂದು ನಿಂತಳು.

"ಮೊಳಕಾಲ್ಮೂರಿನೋರು ಏನಂದ್ರು?" ಬಾಬಾ ಜಾನ್ ಬೀಡಿ ಆರಿಸಿ ಕೇಳಿದ.

"ಬಂಗಾರದಂಥ ಕುದುರೆ ಅಂದ್ರು."

"ನೋಡಿದ್ಯಾ?"

"ಅದೇ ಬಂಗಾರಕ್ಕೆ ನಿಮ್ಮ ಮಗ ಚರ್ಮ ಕಿತ್ತು ಬರೋ ಹಂಗೆ ಹೊಡ್ದ. ನೀವು ಇಲ್ಲಿ ಕೂತು ಬೀಡಿ ಸೇದಿದ್ರಿ. ಒದ್ರೆ ನಿಲ್ಲೋದು ಅಂತ ಅದಕ್ಕೆ ಕಲಿಸಿದೋರು ಯಾರು?"

ಬಾಬಾ ಜಾನ್ ಆರಿದ ಬೀಡಿಯನ್ನು ಬೆರಳಲ್ಲಿ ಹೊರಳಿಸಿದ.

"ಕೇಳ್ತಿದೀನಿ ನಾನು. ಯಾರು?"

"ನಾನೇ. ಮದ್ವೆ ಕುದುರೆಗೆ ಮೊದಲ ಪಾಠವೇ ಅದು. ಮದುಮಗನಿಗೆ ಸವಾರಿ ಬರುತ್ತಾ? ಅವನ ಹಿಮ್ಮಡಿ ಮಾತು ಕುದುರೆ ಕೇಳಿದ್ರೆ ಜನರ ಮೇಲೆ ನುಗ್ಗುತ್ತೆ."

"ಮತ್ತೆ ಮರುಳಪ್ಪನ ಮುಂದೆ ಹುಟ್ಟು ಸೋಮಾರಿ ಅಂದ್ರಲ್ಲ! ಮಗನಿಗೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ಬಾಗಿಲಲ್ಲಿ ನಿಂತಿದ್ದ ಜಾಕಿರ್ ಮುಖ ಬಿಳಿಚಿಕೊಂಡಿತ್ತು. "ಅಬ್ಬಾ," ಎಂದು ಅಪ್ಪನ ಕಡೆ ತಿರುಗಿದ ಅವನು, "ನಾನು ಚಿಕ್ಕವನಿದ್ದಾಗ ನನ್ನನ್ನ ಮೇಲೆ ಕೂರಿಸಿ, ಬಡಿ ಬೇಟಾ, ಇನ್ನೂ ಬಡಿ ಅಂತಿದ್ರಲ್ಲ… ಅದು ಆಟ ಅಂದ್ಕಂಡಿದ್ದೆ."

"ಆಟವೇ," ಎಂದ ಬಾಬಾ ಜಾನ್. "ನೀನು ಬಡೀತಿದ್ದೆ, ನಾನು ಬೆಲ್ಲ ಕೊಡ್ತಿದ್ದೆ. ಹಂಗೇ ಕಲೀತು."

"ಹಂಗಾದ್ರೆ ಹಂಗೇ ಮರೆಸ್ತೀನಿ" ಎಂದಳು ಖಾತೂನ್ ಬೀ.

ಆಗ ಅವನಿಗೂ ಸಿಟ್ಟು ಬಂತು. ಮಂಚದ ಅಂಚು ಹಿಡಿದು ಎದ್ದು ಕೂತ. "ಮರೆಸಿದ್ರೆ ಅದನ್ನ ಇನ್ನೊಂದು ಮದ್ವೆಗೆ ಕರ್ಕಂಡ್ ಹೋಗಕ್ಕಾಗಲ್ಲ, ಗೊತ್ತಾ? ಈ ಸೀಮೇಲಿ ಇಂಥ ಕುದುರೆ ಇನ್ನೊಂದು ತೋರಿಸು. ನನ್ನ ಕೈಕೆಲಸ ಅದು. ಅಳಿಸಿ ಹಾಕ್ತೀಯಾ?"

"ನಿಮ್ಮ ಕೈಕೆಲಸಾನ ಭಟ್ಟೀಲಿ ಹಾಕಿ ಸುಡ್ತಾರೆ, ಅದಾಗ್ಬೋದಾ? ಅಳಿಸ್ತೀನಿ. ನೋಡ್ತಾ ಇರಿ."

ಅಂದಿನಿಂದ ಗಂಡ ಹೆಂಡತಿಗೆ ಮಾತು ನಿಂತಿತು. ಅವಳು ಚಹಾ ತಂದು ಮಂಚದ ಪಕ್ಕದಲ್ಲಿ ಕುಕ್ಕುತ್ತಿದ್ದಳು. ಕುಕ್ಕಿದರೂ ಸಕ್ಕರೆ ಅವನಿಗೆ ಬೇಕಾದಷ್ಟೇ ಇರುತ್ತಿತ್ತು.

ಕಣದಲ್ಲಿ ಪಾಠ ಹೊಸದಾಗಿ ಶುರುವಾಯಿತು. ಜಾಕಿರ್ ಜೀನು ಹಾಕುವಾಗ ಖಾತೂನ್ ಬೀ ನೋಡಿದಳು. ಸ್ಕೂಟರ್ ಸೀಟಿನ ಸ್ಪಾಂಜನ್ನು ಗಾಯದ ಅಳತೆಗೆ ಕತ್ತರಿಸಿ, ಜೀನಿನ ಹಿಂದಿನ ಪಟ್ಟಿ ತಾಗದಂತೆ ಒಳಗಿಟ್ಟಿದ್ದ.

"ಕಾಲು ಸುಮ್ನಿರ್ಲಿ. ಮೀನಖಂಡದಿಂದ ಒಂದ್ಸಲ ಮುಟ್ಟು, ಬರೀ ಮುಟ್ಟು. ಹೋದ್ರೆ ಬಿಟ್ಟುಬಿಡು. ಹೋಗ್ಲಿಲ್ಲ ಅಂದ್ರೆ ಮತ್ತೆ ಮುಟ್ಬೇಡ, ನಾನು ಐದೀನಿ" ಎಂದಳು ಅವಳು. ಕೈಯಲ್ಲಿ ಕಲ್ಲು ತುಂಬಿದ ಡಾಲ್ಡಾ ಡಬ್ಬಿ ಹಿಡಿದು ಕುದುರೆಯ ಹಿಂದೆ ಒಂದಿಷ್ಟು ದೂರದಲ್ಲಿ ನಿಂತಳು.

ಜಾಕಿರ್ ಮುಟ್ಟಿದ. ಬಿಜಲಿ ಎಡಕ್ಕೆ ನೋಡಿತು. ಎಡಗಡೆ ಯಾರೂ ಇರಲಿಲ್ಲ. ಡಬ್ಬಿ ಗಲಗಲ ಎಂದಿತು. ಕುದುರೆ ಬೆಚ್ಚಿ ಮುಂದೆ ಹೆಜ್ಜೆಯಿಟ್ಟಿತು.

"ಬಿಡು! ಲಗಾಮು ಸಡ್ಲ ಬಿಡು! ಶಾಬಾಸ್!"

ಖುಷಿಯಲ್ಲಿ ಜಾಕಿರ್ ಮತ್ತೆ ಒದ್ದ. ಕುದುರೆ ಗಕ್ಕನೆ ನಿಂತಿತು.

"ಹೋಗ್ತಿರೋದನ್ನ ಯಾಕೋ ಒದ್ದೆ, ನಿನ್ನ ಕಾಲಿಗೆ ಬರೆ ಹಾಕ!"

"ಇನ್ನೂ ಜೋರಾಗಿ ಹೋಗ್ಲಿ ಅಂತ…"

"ಜೋರಂತೆ ಜೋರು! ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಕಿಕ್ ಹೊಡೀತಾನೇ ಇರೋರಿಗೆ ನೀನು ಗ್ಯಾರೇಜಲ್ಲಿ ಏನಂತೀಯಾ?"

"ಬೈತೀನಿ."

"ಯಾಕೆ?"

"ಪೆಟ್ರೋಲ್ ಓವರ್ ಆಗಿ ಪ್ಲಗ್ಗು ನೆನೆಯುತ್ತೆ. ಆಮೇಲೆ ಎಷ್ಟು ಒದ್ರೂ ಅಷ್ಟೆ. ಸ್ವಲ್ಪ ಹೊತ್ತು ಬಿಟ್ಟು ಒಂದೇ ಕಿಕ್…" ಜಾಕಿರ್ ಮಾತು ಅರ್ಧಕ್ಕೆ ನಿಲ್ಲಿಸಿದ. ಕುದುರೆಯ ಕಿವಿಗಳನ್ನು ನೋಡಿದ.

"ಹೂಂ. ಇದ್ರ ಪ್ಲಗ್ಗನ್ನ ಅಪ್ಪ ಮಗ ಸೇರಿ ನೆನೆಸಿಟ್ಟೀರಿ. ಒಣಗಕ್ಕೆ ಬಿಡು."

ಆಮೇಲೆ ಜಾಕಿರ್ ಬೇರೆಯವನೇ ಆದ. ಒದೆಯುವ ಆಸೆಯಾದಾಗ ಪಾದಗಳನ್ನು ಬೇಕೆಂದೇ ಕುದುರೆಯಿಂದ ದೂರ ಚಾಚುತ್ತಿದ್ದ. ಬೆಲ್ಲ ಈಗ ನಿಂತದ್ದಕ್ಕಲ್ಲ, ನಡೆದದ್ದಕ್ಕೆ. ಅದೂ ಕಣದ ಆಚೆ ತುದಿಯ ಬೇವಿನ ಮರದ ಕೆಳಗೆ, ಪಾಲಣ್ಣನ ಅಂಗೈಯಲ್ಲಿ. ಖಾತೂನ್ ಬೀ ಒಂದೇ ದಾರಿಯಲ್ಲಿ ಸುತ್ತಿಸಗೊಡುತ್ತಿರಲಿಲ್ಲ. "ಗಾಣದ ಎತ್ತು ಮಾಡ್ಬೇಡ ಅದನ್ನ. ಗೋಡೆ ಗುಂಟ ಹೋಗು, ಮಧ್ಯೆ ತಿರುಗು, ದೊಡ್ಡ ಸುತ್ತು ಹಾಕು, ಬೇವಿನ ಮರ ಕಂಡ್ರೆ ಬಿಡು. ಮುಂದೇನು ಅಂತ ಅದೇ ಕೇಳ್ಬೇಕು."

ಎಲ್ಲ ದಿನವೂ ಒಂದೇ ಹಾಗಿರಲಿಲ್ಲ. ಒಮ್ಮೆ ಬಿಜಲಿ ಇಡೀ ಬೆಳಗು ಕಣದ ನಡುವೆ ನಿಂತೇ ಕಳೆಯಿತು. ಖಾತೂನ್ ಬೀ ಡಬ್ಬಿಯನ್ನು ನೆಲಕ್ಕೆ ಬಡಿದು, ಕುದುರೆಗಲ್ಲ, ಮನೆಯಲ್ಲಿ ಮಂಚದ ಮೇಲಿರುವವನಿಗೆ ಬೈದಳು. ಪಾಲಣ್ಣ ಅವಳಿಗೊಂದು ಲೋಟ ನೀರು ತಂದುಕೊಟ್ಟು, "ಅಕ್ಕಾ, ನಂಗೂ ಬೆಳಿಗ್ಗೆ ಬೆಳಿಗ್ಗೆ ಏಳಕ್ಕೆ ಮನಸ್ಸಿರಲ್ಲ" ಎಂದ. ಅವಳಿಗೆ ನಗು ಬಂತು. ಅಂದು ಕುದುರೆ ಬರೀ ನಾಲ್ಕು ಹೆಜ್ಜೆ ಹಗುರವಾಗಿ ಹಾಕಿದ ಕೂಡಲೇ ಜೀನು ಬಿಚ್ಚಿಸಿ ಮನೆಗೆ ಕರೆದೊಯ್ದಳು.

ಮಾರನೆಯ ಬೆಳಿಗ್ಗೆ ಜಾಕಿರ್ ಕಾಲು ತಾಗಿಸಿ ಬಿಟ್ಟ. ಡಬ್ಬಿ ಸದ್ದಾಗುವ ಮೊದಲೇ ಬಿಜಲಿ ಹೊರಟಿತು. ಗೋಡೆಯ ಗುಂಟ ನಡೆಯಿತು, ಕಿವಿ ಮುಂದೆ ನೆಟ್ಟಿತು, ಮೂಗಿನಿಂದ ಫುರ್ರೆಂದಿತು, ತಾನೇ ದುಲ್ಕಿಗೆ ಬಿತ್ತು. ಲಯ ಹಿಡಿದ ಆ ಹಗುರ ಓಟದಲ್ಲಿ ಜಾಕಿರ್ ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುತ್ತ, "ಅಮ್ಮಿ! ಅಮ್ಮಿ! ನಾನೇನೂ ಮಾಡ್ತಿಲ್ಲ!" ಎಂದು ಕೂಗಿದ.

"ಅದೇ ಸರಿ! ಏನೂ ಮಾಡ್ಬೇಡ!"

ಭಾನುವಾರ ಏಕಾಂತಪ್ಪನವರ ಜೀಪು ಬಂತು. ಅದರ ಹಿಂದೆಯೇ ಮರುಳಪ್ಪನ ಮೋಟಾರ್ ಬೈಕು. ಅವನ ಹೆಗಲ ಮೇಲೆ ಹಗ್ಗವಿತ್ತು. ಬಾಬಾ ಜಾನ್ ಅವನಿಗೂ ಹೇಳಿ ಕಳಿಸಿದ್ದ. ಕೋಲೂರಿಕೊಂಡು ಕಣಕ್ಕೆ ಬಂದ ಗಂಡನನ್ನು ಕಂಡು ಖಾತೂನ್ ಬೀ ಹಲ್ಲು ಕಡಿದಳು. ಅವನು ಯಾರನ್ನೂ ನೋಡದೆ, ಗೋಡೆಯ ಬದಿಯಲ್ಲಿ ನಿಂತುಕೊಂಡ.

ಜಾಕಿರ್ ಹತ್ತಿದ. ಬಿಜಲಿ ನಡೆಯಿತು, ತಿರುಗಿತು, ದುಲ್ಕಿ ಓಡಿ ಬೇವಿನ ಮರ ಮುಟ್ಟಿ ಬಂತು. ಏಕಾಂತಪ್ಪನವರು ತಲೆದೂಗಿದರು. "ಚೆನ್ನಾಗೈತೆ. ಆದ್ರೆ ಇದು ನಿಮ್ಮ ಮಗನ ಮಾತು ಕೇಳುತ್ತೆ. ಗೊತ್ತಿಲ್ಲದೋರು ಕೂತ್ರೆ? ನಾನೇ ನೋಡ್ತೀನಿ."

ಅವರು ಭಾರದ ಆಳು. ಹತ್ತಿ ಕೂತವರೇ ಎರಡೂ ಹಿಮ್ಮಡಿಯಿಂದ ಬಲವಾಗಿ ಒದ್ದರು.

ಬಿಜಲಿ ನಿಂತುಬಿಟ್ಟಿತು. ತಲೆಯನ್ನು ಎಡಕ್ಕೆ ತಿರುಗಿಸಿತು.

ಎಡಗಡೆ ಬಾಬಾ ಜಾನ್ ನಿಂತಿದ್ದ. ಅಷ್ಟು ವರ್ಷ ನಿಲ್ಲುತ್ತಿದ್ದ ಹಾಗೇ. ಅಭ್ಯಾಸದ ಬಲದಿಂದ ಅವನ ಕೈ ಜುಬ್ಬದ ಜೇಬಿಗೆ ಹೋಗಿತ್ತು. ಕುದುರೆ ತುಟಿ ಚಪ್ಪರಿಸಿತು. ಏಕಾಂತಪ್ಪನವರು ಮತ್ತೆ ಒದ್ದರು. ಅದು ಇನ್ನೂ ಗಟ್ಟಿಯಾಗಿ ನಿಂತಿತು.

"ಕರೆಂಟ್ ಹೋಯ್ತು!" ಮರುಳಪ್ಪ ನಗುತ್ತ ಹೆಗಲ ಹಗ್ಗವನ್ನು ಕೈಗೆ ತೆಗೆದುಕೊಂಡ. "ಬಿಡ್ರಿ ಸ್ವಾಮಿ, ಇದು ನಮ್ಮದೇ ಮಾಲು."

ಖಾತೂನ್ ಬೀ ಗಂಡನ ಕಡೆ ನೋಡಿದಳು. ಆ ಕೈ ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದರೆ ಸಾಕು, ಕುದುರೆ ಮತ್ತೆ ಅವನದು, ನಾಳೆಯಿಂದ ಭಟ್ಟಿಯದು. ಬಾಬಾ ಜಾನ್ ಕುದುರೆಯ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವನ ಕಣ್ಣು ತೊಡೆಯ ಮೇಲಿನ ಗಾಯಕ್ಕೆ ಹೋಯಿತು. ಒಣಗುತ್ತಿದ್ದರೂ ಅದು ಬೆರಳುದ್ದಕ್ಕೆ ಹಾಗೇ ಕಾಣುತ್ತಿತ್ತು.

ಅವನು ಕೈಯನ್ನು ಬರಿದಾಗಿ ಹೊರತೆಗೆದ. ಕೋಲನ್ನು ಬದಲಿಸಿ ಹಿಡಿದು, ಕುದುರೆಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತ.

"ಸ್ವಾಮಿ," ಖಾತೂನ್ ಬೀ ಎರಡು ಹೆಜ್ಜೆ ಮುಂದೆ ಬಂದಳು, "ಒದೀಬೇಡ್ರಿ ಅದನ್ನ. ಮದ್ವೆ ಕುದುರೆ ಅದು. ಒದ್ರೆ ನಿಲ್ಬೇಕು ಅಂತ ನಾವೇ ಕಲಿಸಿದ್ವಿ, ನಿಂತೈತೆ. ಸೋಮಾರಿ ಅಲ್ಲ. ಕಾಲು ಸಡ್ಲ ಬಿಡ್ರಿ, ಲಗಾಮು ಸಡ್ಲ ಬಿಡ್ರಿ. ಒಂದ್ಸಲ ಮುಟ್ಟಿ ಸುಮ್ನೆ ಕೂತ್ಕಳ್ರಿ. ನಿಮ್ಮ ಮಕ್ಕಳಿಗೂ ಅದನ್ನೇ ಕಲಿಸೋದಾದ್ರೆ ತಗಂಡ್ ಹೋಗ್ರಿ. ಒದ್ದೇ ಓಡಿಸ್ತೀವಿ ಅನ್ನೋದಾದ್ರೆ ಇಳೀರಿ ಕೆಳಗೆ!"

ಜಾಕಿರ್ ಬೆಚ್ಚಿ ತಾಯಿಯ ಕಡೆ ನೋಡಿದ. ಏಕಾಂತಪ್ಪನವರು ಒಂದು ಗಳಿಗೆ ಹುಬ್ಬು ಗಂಟಿಕ್ಕಿದರು. ಆಮೇಲೆ ಕಾಲು ಸಡಿಲಿಸಿದರು. ಒಂದು ಸಲ, ಮೆಲ್ಲಗೆ, ಮುಟ್ಟಿದರು.

ಬಿಜಲಿ ಇನ್ನೊಮ್ಮೆ ಎಡಕ್ಕೆ ನೋಡಿತು. ಅಲ್ಲಿ ಬಾಬಾ ಜಾನ್‌ನ ಬೆನ್ನು ಮಾತ್ರ ಇತ್ತು. ಅದು ಉಸಿರು ಬಿಟ್ಟು, ತಲೆ ನೇರ ಮಾಡಿ, ಮುಂದೆ ಹೆಜ್ಜೆಯಿಟ್ಟಿತು. ಏಕಾಂತಪ್ಪನವರು ಸುಮ್ಮನೆ ಕೂತರು. ಹೆಜ್ಜೆ ಬಿರುಸಾಯಿತು. ಗೋಡೆಯ ಮೂಲೆ ತಿರುಗುವಾಗ ಅವರು ಇನ್ನೊಮ್ಮೆ ಮುಟ್ಟಿ ಬಿಟ್ಟರು. ಗೊರಸಿನ ಸದ್ದು ಬದಲಾಯಿತು. ಕಣದ ಒಣ ಮಣ್ಣಿನ ಮೇಲೆ ದುಲ್ಕಿಯ ತಾಳ ಎದ್ದಿತು.

ಒಂದು ಸುತ್ತು ಮುಗಿದರೂ ಅವರು ನಿಲ್ಲಿಸಲಿಲ್ಲ. ಮರುಳಪ್ಪ ಹಗ್ಗವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬೈಕಿನ ಕಡೆ ನಡೆದ.

ಬಾಬಾ ಜಾನ್ ಇನ್ನೂ ಗೋಡೆ ನೋಡುತ್ತಿದ್ದ. ಖಾತೂನ್ ಬೀ ಅವನ ಪಕ್ಕಕ್ಕೆ ಹೋಗಿ ನಿಂತಳು. ಅವಳ ಸಿಟ್ಟು ಇಳಿದಿರಲಿಲ್ಲ.

"ಹೋಯ್ತಾ?" ಎಂದ ಅವನು. ಮಾತು ನಿಂತ ಮೇಲೆ ಅವನಾಡಿದ ಮೊದಲ ಮಾತು ಅದು.

"ಕೇಳಿಸ್ತಿಲ್ವಾ ನಿಮಗೆ?"

"ಕೇಳಿಸ್ತೈತೆ. ಚಲೋ ಓಡ್ತೈತೆ." ಅವನು ಜೇಬಿಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ ಬೆಲ್ಲ ತೆಗೆದ. "ಇದನ್ನೇನು ಮಾಡ್ಲಿ?"

"ಆ ಕಡೆ ಬೇವಿನ ಮರದ ಕೆಳಗೆ ಪಾಲಣ್ಣ ನಿಂತವ್ನೆ. ಅವನ ಕೈಗೆ ಕೊಡ್ರಿ." ಅಷ್ಟು ಹೇಳಿ, ಅವನಿಗೆ ಅಷ್ಟು ದೂರ ನಡೆಯಲಾಗುವುದಿಲ್ಲವೆಂದು ನೆನಪಾಗಿ, ಅವಳೇ ಬೆಲ್ಲ ಕಿತ್ತುಕೊಂಡು ಕಣ ದಾಟಿ ಹೊರಟಳು.